ಬಾಡಿಗೆ ಕೊಡುವ ಮೊದಲು ಬಾಗಿಲು ನೋಡಿ

ಪ್ರಶ್ನೆ: ಖಾಸಗಿ ಸಂಸ್ಥೆಯ ಕೆಲಸದ ಮೇಲೆ ನಾನು ತಿಂಗಳಿಗೆರಡು ಸಲ ಬೀದರಿಗೆ ಹೋಗಿ ಲಾಡ್ಜಿನಲ್ಲಿ ಒಬ್ಬಳೇ ಉಳಿಯಬೇಕಾಗುತ್ತದೆ. ಕಳೆದ ಸಲ ರಾತ್ರಿ ಹನ್ನೊಂದಕ್ಕೆ ಯಾರೋ ಬಾಗಿಲು ಬಡಿದು, ‘ನೀರು ತಂದೀನ್ರಿ ಮೇಡಂ’ ಎಂದರು. ನಾನು ನೀರು ಕೇಳಿರಲಿಲ್ಲ, ಬಾಗಿಲನ್ನೂ ತೆಗೆಯಲಿಲ್ಲ. ಆದರೆ ಚಿಲಕ ಸಡಿಲವಾಗಿತ್ತು; ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಮನೆಯಲ್ಲಿ ಹೇಳಿದರೆ ಕೆಲಸ ಬಿಡು ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಬಾಗಿಲು ತೆಗೆಯದೆ ನೀವು ಸರಿಯಾದುದನ್ನೇ ಮಾಡಿದಿರಿ. ಇನ್ನೊಮ್ಮೆ ಹಾಗಾದರೆ ಒಳಗಿನಿಂದಲೇ ಮಾತನಾಡಿ, ಕೌಂಟರಿಗೆ ಫೋನ್ ಮಾಡಿ ಯಾರನ್ನಾದರೂ ಕಳಿಸಿದ್ದಾರೆಯೇ ಎಂದು ಕೇಳಿ. ಅವರ ಉತ್ತರದಿಂದ ಸಮಾಧಾನವಾಗದಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಆದರೆ ಆ ಸಡಿಲ ಚಿಲಕ ಸಂಜೆಯೇ ಕಣ್ಣಿಗೆ ಬೀಳಬಹುದಾಗಿತ್ತು. ಹಣ ಕೊಡುವ ಮೊದಲು ಕೋಣೆ ನೋಡುವೆನೆಂದು ಹೇಳಿ. ಒಳಗೆ ಹೋಗಿ ಬಾಗಿಲು ಮುಚ್ಚಿ, ಚಿಲಕ ಹಾಕಿ, ಹಿಡಿಕೆಯನ್ನು ಜೋರಾಗಿ ಜಗ್ಗಿ ನೋಡಿ. ಚೌಕಟ್ಟಿನ ಸ್ಕ್ರೂ ಅಲುಗಿದರೆ, ಬೋಲ್ಟು ತೂತಿನೊಳಗೆ ತುದಿ ಮಾತ್ರ ಸೇರಿದರೆ, ಸ್ನಾನದ ಮನೆಯ ವೆಂಟಿಲೇಟರ್ ಪಡಸಾಲೆಯ ಕಡೆಗೆ ತೆರೆದಿದ್ದರೆ ಆ ಕೋಣೆ ನಿಮಗಲ್ಲ. ‘ಈ ರೂಮು ಬ್ಯಾಡ್ರಿ, ಬ್ಯಾರೆ ತೋರಸ್ರಿ’ ಎಂದು ಕೌಂಟರಿನಲ್ಲಿ ನಿಂತು ಹೇಳಲು ನಮ್ಮ ಕಡೆಯ ಹೆಣ್ಣುಮಕ್ಕಳು ಸಂಕೋಚಪಡುವುದನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಆ ಸಂಕೋಚ ಬಿಡಿ. ಬಡಗಿಯಿಂದ ಅಂಗೈಯಗಲದ ಮರದ ಬೆಣೆಯೊಂದನ್ನು ಮಾಡಿಸಿಟ್ಟುಕೊಳ್ಳಿ. ಒಳಕ್ಕೆ ತೆರೆಯುವ ಬಾಗಿಲಿನ ಕೆಳಗೆ ಅದನ್ನು ಒತ್ತಿಟ್ಟರೆ ಹೊರಗಿನಿಂದ ದೂಡುವುದು ಕಷ್ಟ.

ನೆಲಮಹಡಿ ಬೇಡ, ತೀರ ಮೇಲಿನದೂ ಬೇಡ. ಬೆಂಕಿ ಬಿದ್ದರೆ ಇಳಿಯಲು ಒಂದನೆಯ ಅಥವಾ ಎರಡನೆಯ ಮಹಡಿ ಅನುಕೂಲ. ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕೆಂದು ಎಣಿಸಿಟ್ಟುಕೊಂಡಿದ್ದರೆ ಕರೆಂಟು ಹೋದಾಗಲೂ ಗೋಡೆ ಹಿಡಿದು ನಡೆಯಬಹುದು.

ಗುರುತಿನ ಚೀಟಿ ತೋರಿಸಬೇಕಾದದ್ದು ಸರಿಯೇ, ಆದರೆ ಮೂಲ ಆಧಾರ್ ಕಾರ್ಡನ್ನು ರಾತ್ರಿಯಿಡೀ ಕೌಂಟರಿನಲ್ಲಿ ಬಿಡಬೇಡಿ. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರತಿಯನ್ನು ಆಧಾರ್ ಜಾಲತಾಣದಲ್ಲಿ ಪಡೆಯಬಹುದು. ಅದರ ಮೇಲೆ ದಿನಾಂಕ ಮತ್ತು ‘ವಸತಿಗಾಗಿ ಮಾತ್ರ’ ಎಂದು ಬರೆದು ಕೊಡಿ. ಕೋಣೆಯ ಸಂಖ್ಯೆಯನ್ನು ಸಿಬ್ಬಂದಿ ಎಲ್ಲರೆದುರು ಕೂಗಿ ಹೇಳಿದರೆ ಬೇರೆ ಕೋಣೆ ಕೇಳಿ. ಗುಪ್ತ ಕ್ಯಾಮೆರಾದ ಅನುಮಾನ ಬಂದರೆ ಯಾವುದನ್ನೂ ಮುಟ್ಟದೆ ಪೊಲೀಸರನ್ನು ಕರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ ಅದು ಮೊದಲ ಸಲಕ್ಕೇ 1ರಿಂದ 3 ವರ್ಷಗಳ ಸೆರೆವಾಸದ ಅಪರಾಧ.

ಬೀದರಿಗೆ 2017ರಿಂದ ಕಲಬುರಗಿಯಿಂದ ನೇರ ರೈಲು ಮಾರ್ಗವಿರುವುದರಿಂದ ಹಗಲಲ್ಲೇ ತಲುಪುವಂತೆ ನೋಡಿಕೊಳ್ಳಿ. ಗುರುನಾನಕ್ ಜಯಂತಿಗೆ ಝೀರಾ ಗುರುದ್ವಾರಕ್ಕೆ ಜನ ಸೇರುವ ದಿನಗಳಲ್ಲಿ ಮುಂಗಡವಾಗಿ ಕೋಣೆ ಕಾದಿರಿಸದಿದ್ದರೆ, ರಾತ್ರಿ ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ತಮ್ಮನಿಗೋ, ಲಾಡ್ಜಿನ ಹೆಸರು, ಕೋಣೆಯ ಸಂಖ್ಯೆ, ಕೌಂಟರಿನ ಫೋನ್ ನಂಬರು ಗೊತ್ತಿರಲಿ. ಆ ರಾತ್ರಿ ನಡೆದದ್ದನ್ನು ನಿಮ್ಮ ಸಂಸ್ಥೆಗೆ ಬರೆದು ತಿಳಿಸಿ, ವಸತಿಯನ್ನು ಮೊದಲೇ ನೋಡಿ ಗೊತ್ತುಮಾಡಿಕೊಡುವಂತೆ ಕೇಳಿ. ಕೆಲಸಕ್ಕೆ ಕಳಿಸುವವರು ಅವರೇ ಆದ್ದರಿಂದ ಹಾಗೆ ಕೇಳುವುದು ನಿಮ್ಮ ಹಕ್ಕು.