ಓದುಗರ ಪ್ರಶ್ನೆ: ನೀಲಗಿರಿ ಕಿತ್ತರೆ ನೀರು ಬಂದೀತೆ?

ಪ್ರಶ್ನೆ: ಬೆಳೆ ಕೈಕೊಟ್ಟು ಸಾಲವಾದಾಗ ನಮ್ಮ ಮಾವನವರು ಎರಡೆಕರೆಗೆ ನೀಲಗಿರಿ ಹಾಕಿದರು. ಈಗ ಬೋರ್‌ವೆಲ್ 1,200 ಅಡಿಗೆ ಇಳಿದಿದೆ. ಆ ನೀರು ಕುಡಿದು ಮಗನ ಹಲ್ಲು ಕಂದುಗಟ್ಟುತ್ತಿದೆ. ಮರ ಕೀಳಿಸಿದರೆ ನೀರು ಮೇಲೆ ಬರುತ್ತದೆಯೆ?
— ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ಬೋರ್‌ವೆಲ್‌ಗೆ ಬೇಗ ಬರುವುದಿಲ್ಲ. ಹೊಲಕ್ಕೆ ತೇವ ಮರಳುತ್ತದೆ, ಕೀಳಬೇಕಾದದ್ದು ಅದಕ್ಕಾಗಿ. ಮಾವನವರನ್ನು ದೂರಬೇಡಿ. ಆಳು ಸಿಗದ, ಮಳೆ ನಂಬಲಾಗದ ಹೊಲದಲ್ಲಿ ಐದಾರು ವರ್ಷಕ್ಕೊಮ್ಮೆ ಕಟಾವಿನ ದುಡ್ಡು ಕೈಗೆ ಬರುವ ದಾರಿ ಅದೇ ಆಗಿತ್ತು. ಆದರೆ ಹೊಸಕೋಟೆಯ ಹೊಲಗಳಲ್ಲಿ ಅಳೆದು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀಲಗಿರಿ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಕುಡಿದದ್ದು ಕಂಡಿತ್ತು. ಬೇರು ಆಳಕ್ಕಿಳಿದು ಹಳೆಯ ತೇವವನ್ನೂ ಎಳೆದಿತ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಎರಡೂ ಎಕರೆ ಒಟ್ಟಿಗೆ ಕೀಳಿಸಬೇಡಿ. ಆ ವರ್ಷ ಮನೆಗೆ ಆದಾಯವೇ ಇಲ್ಲದೆ ಮತ್ತೆ ಬಡ್ಡಿ ಸಾಲಕ್ಕೆ ಬೀಳುತ್ತೀರಿ. ಕಟಾವಾದ ಒಂದೆಕರೆಯಿಂದ ಶುರುಮಾಡಿ. ಬುಡ ಉಳಿಸಿದರೆ ಕೂಳೆ ಒಡೆಯುತ್ತದೆ. ಜೆಸಿಬಿಯಿಂದ ಬೊಡ್ಡೆ ಸಮೇತ ಎತ್ತಿಸಿ ಸೌದೆಗೆ ಮಾರಿ, ಬಾಡಿಗೆಯಲ್ಲಿ ಒಂದಿಷ್ಟು ಹುಟ್ಟುತ್ತದೆ. ಬಳಿಕ ಒಣಗಿದ ಮೇಲ್ಮಣ್ಣಿಗೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಹನಿ ಇಂಗದೆ ಮುತ್ತಿನಂತೆ ನಿಂತರೆ ಎಲೆಯ ಎಣ್ಣೆ, ಮೇಣ ಇನ್ನೂ ಮಣ್ಣಲ್ಲಿವೆ ಎಂದರ್ಥ. ಮೊದಲ ಮಳೆ ಹರಿದೇ ಹೋಗುತ್ತದೆ. ಅದಕ್ಕೇ ಇಳಿಜಾರಿಗೆ ಅಡ್ಡ ಬದು ಮೊದಲು, ಬಿತ್ತನೆ ಆಮೇಲೆ. ಜೂನ್‌ನಲ್ಲಿ ಎಕರೆಗೆ 20–25 ಕೆ.ಜಿ. ಹಸಿರೆಲೆ ಗೊಬ್ಬರದ ಸೆಣಬು ಚೆಲ್ಲಿ, ಹೂ ಬರುವಾಗ, ಸುಮಾರು 45 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸಿ. ಆಗಸ್ಟ್ ಕೊನೆಗೆ ಹುರುಳಿ. ಮರುವರ್ಷ ಮೂರ್ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹಾಕಿ ರಾಗಿ, ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಮೊದಲ ವರ್ಷವೇ ರಾಗಿ ಹಾಕಿದರೆ ಬೆಳೆ ಹಳದಿಗಟ್ಟಿ ಕೈ ಸುಡುವುದೇ ಹೆಚ್ಚು.

ಮಗನ ವಿಷಯ ಕಾಯುವಂಥದ್ದಲ್ಲ. ಆಳದ ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ ನೀರು, ಹಲ್ಲು ಕಂದಿಸುವ ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿ.ಗ್ರಾಂ ದಾಟಿದ್ದರೆ ಕುಡಿಯಲೂ ಬೇಡ, ಮುದ್ದೆಗೆ ಎಸರಿಡಲೂ ಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಮಳೆನೀರು ಹಿಡಿಯಿರಿ. 500 ಚದರಡಿ ಸೂರಿಗೆ 700 ಮಿ.ಮೀ. ಮಳೆ ಬಿದ್ದರೆ, ಪೋಲು ಕಳೆದೂ 26,000 ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಎಂದರೆ ನವೆಂಬರ್‌ನಿಂದ ಮೇವರೆಗೆ ಸುಮಾರು 6,400. ತೊಟ್ಟಿ 7,000 ಲೀಟರಿನದಿರಲಿ. ಪ್ರತಿ ಮಳೆಯ ಮೊದಲ ನೂರು ಲೀಟರ್ ಹೊರಗೆ ಬಿಡಿ. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಜಾಲರಿ ಹರಿದಿದ್ದರೆ ಸೊಳ್ಳೆ. ಹಲ್ಲಿನಲ್ಲಿ ಮೂಡಿದ ಕಲೆ ತಾನಾಗಿ ಅಳಿಸದು, ಆದರೆ ಫ್ಲೋರೈಡ್ ಇನ್ನೂ ಮೂಳೆಗೆ ಇಳಿಯದಂತೆ ತಡೆಯಬಹುದು.

ಪ್ರಶ್ನೆ: ಸಾಲ ತೀರಿಸಲು ಹೊಲದ ಮಣ್ಣನ್ನು ಫಿಲ್ಟರ್ ಮರಳಿನವರಿಗೆ (ಮಣ್ಣು ತೊಳೆದು ಮರಳು ತೆಗೆಯುವವರಿಗೆ) ಕೊಡಬಹುದೆ?
— ಓದುಗರು, ಮಾಲೂರು ತಾಲ್ಲೂಕು

ಉತ್ತರ: ದಯವಿಟ್ಟು ಬೇಡ. ಅದು ಅಕ್ರಮ ಎಂಬುದು ಒಂದು. ಎಕರೆಗೆ ಒಂದಂಗುಲ ಮಣ್ಣೆಂದರೆ ನೂರು ಘನ ಮೀಟರ್; ಅವರು ಅಡಿಗಟ್ಟಲೆ ತೆಗೆಯುತ್ತಾರೆ. ಹೊಲಕ್ಕೆ ಬಿದ್ದ ಮಳೆಯನ್ನು ಹಿಡಿದಿಡುವುದು ಅದೇ ಪದರ. ಈಗಾಗಲೇ ತೆಗೆದ ಮೂಲೆಯಿದ್ದರೆ ಬೇಸಿಗೆಯಲ್ಲಿ ಕೆರೆ ಗೋಡು ತಂದು ತುಂಬಿ, ಒಂದು ಮಳೆ ಕುಡಿಸಿ, ಹೆಂಟೆ ಒಡೆದ ಮೇಲೆ ಹುರುಳಿ ಬಿತ್ತಿ.