ಪಿಎಚ್‌.ಡಿ. ಫೆಲೋಶಿಪ್: ಒಂದೇ ಅರ್ಜಿ, ಇಬ್ಬರು ಓದುಗರು

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಓದಿದ್ದೇನೆ. ಅಮೆರಿಕದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಪಿಎಚ್‌.ಡಿ.ಗೆ ಸೀಟು ಸಿಕ್ಕಿದೆ, ವಿದ್ಯಾರ್ಥಿ ವೀಸಾದಲ್ಲಿ ಹೋಗುತ್ತೇನೆ. ಯಾವ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಬಹುದು?

ಉತ್ತರ: ಹೆಸರು ಹೆಚ್ಚು ಕೇಳಿಬರುವ ಎರಡು ನಿಮಗೆ ಸಿಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಗ್ರಾಜುಯೇಟ್ ರಿಸರ್ಚ್ ಫೆಲೋಶಿಪ್ ಆಗಲಿ, ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಪಿಎಚ್‌.ಡಿ. ಫೆಲೋಶಿಪ್ ಎಫ್31 ಆಗಲಿ ಅಲ್ಲಿನ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೇ ಮೀಸಲು. ಅರ್ಜಿ ಬರೆಯುವ ಮೊದಲು ಅರ್ಹತೆಯ ಪುಟ ಓದಿದರೆ ಎರಡು ತಿಂಗಳ ಶ್ರಮ ಉಳಿಯುತ್ತದೆ. ನಿಮ್ಮ ವಿಷಯ ಹೃದಯಕ್ಕೋ ಪಾರ್ಶ್ವವಾಯುವಿಗೋ ಸಂಬಂಧಪಟ್ಟಿದ್ದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪ್ರೀಡಾಕ್ಟೋರಲ್ ಫೆಲೋಶಿಪ್ ನೋಡಿ. ವಿದ್ಯಾರ್ಥಿ ವೀಸಾದವರಿಗೂ ಅದು ತೆರೆದಿದೆ.

ಯುರೋಪಿಗೂ ಪ್ರಯತ್ನಿಸುವ ಮನಸ್ಸಿದ್ದರೆ ಯುರೋಪಿಯನ್ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಿಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ನೇಮಕದ ಹಿಂದಿನ 36 ತಿಂಗಳಲ್ಲಿ, ನೇಮಿಸಿಕೊಳ್ಳುವ ಸಂಸ್ಥೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಲ್ಲಿ ನಿಮ್ಮ ಯೋಜನೆಯನ್ನು ನೀವು ಒಯ್ಯುವುದಿಲ್ಲ. ಅವರು ಪ್ರಕಟಿಸಿದ ಯೋಜನೆಗೆ ನೌಕರಿಗೆ ಸೇರಿದಂತೆ ಸೇರುತ್ತೀರಿ.

ಪ್ರಶ್ನೆ: ನನಗೆ ಗ್ರೀನ್ ಕಾರ್ಡ್ ಇದೆ. ಎಲ್ಲ ಬಗೆಯ ಚರ್ಮಕ್ಕೂ ಸರಿಯಾಗಿ ಅಳೆಯುವ ಪಲ್ಸ್ ಆಕ್ಸಿಮೀಟರ್ ನನ್ನ ವಿಷಯ. ಎನ್‌ಎಸ್‌ಎಫ್ ವೈದ್ಯಕೀಯ ವಿಷಯಗಳಿಗೆ ಹಣ ಕೊಡುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ರೋಗದ ಕಾರಣ, ಪತ್ತೆ, ಚಿಕಿತ್ಸೆ ಇವೇ ಗುರಿಯಾದರೆ ಕೊಡುವುದಿಲ್ಲ. ವೈದ್ಯಕೀಯ ಸಮಸ್ಯೆಗೆ ಎಂಜಿನಿಯರಿಂಗ್ ತತ್ವ ಬಳಸುತ್ತ, ಎಂಜಿನಿಯರಿಂಗ್‌ನ ಜ್ಞಾನವೂ ಬೆಳೆಯುವಂತಿದ್ದರೆ ಕೊಡುತ್ತದೆ. ಎಷ್ಟೋ ಸಲ ಒಂದು ವಾಕ್ಯದಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ.

‘ಕಪ್ಪು ಚರ್ಮದ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ನಿಖರವಾಗಿ ಪತ್ತೆಹಚ್ಚುವ ಸಾಧನ ತಯಾರಿಸುತ್ತೇನೆ’ ಎಂದು ಬರೆದರೆ ಅದು ರೋಗಪತ್ತೆ. ಅದನ್ನೇ ಹೀಗೆ ಬರೆಯಿರಿ: ‘ಆಕ್ಸಿಮೀಟರ್ ಬಳಸುವ 660 (ಕೆಂಪು) ಮತ್ತು 940 (ಅತಿಕೆಂಪು) ನ್ಯಾನೋಮೀಟರ್‌ನ ಬೆಳಕು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಪದರದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೆಯಾಗುತ್ತದೆ, ಚದುರುತ್ತದೆ. ಇದರಿಂದ ಎರಡರ ಅನುಪಾತದಲ್ಲಿ ನುಸುಳುವ ದೋಷವನ್ನು ಲೆಕ್ಕಕ್ಕೆ ಹಿಡಿದು ಕಳೆಯುವ ವಿಧಾನವೊಂದನ್ನು ರೂಪಿಸಿ, ಮೊದಲು ಕೃತಕ ಚರ್ಮದ ಮೇಲೆ ಪರೀಕ್ಷಿಸುತ್ತೇನೆ.’ ಯೋಜನೆ ಅದೇ. ಆದರೆ ಇಲ್ಲಿ ಎಂಜಿನಿಯರಿಂಗ್‌ಗೆ ಹೊಸದಾಗಿ ಏನು ಸಿಗುತ್ತದೆ ಎಂಬುದು ಕಾಣುತ್ತಿದೆ. ಎನ್‌ಎಸ್‌ಎಫ್‌ನಲ್ಲಿ ಸಂಶೋಧನಾ ಯೋಜನೆಗೆ ಇರುವುದು ಎರಡೇ ಪುಟ, ಹಾಗಾಗಿ ಈ ಮಾತು ಮೊದಲ ಪ್ಯಾರಾದಲ್ಲೇ ಬರಲಿ.

ಎಫ್31ಗೆ ಇದೇ ಅರ್ಜಿಯನ್ನು ತಿರುಗಿಸಿ ಬರೆಯಬೇಕು: ರೋಗಿಗೆ ಆಗುವ ತೊಂದರೆ ಮೊದಲು, ಬೆಳಕಿನ ಭೌತಶಾಸ್ತ್ರ ಆಮೇಲೆ. ಅಲ್ಲಿ ಉದ್ದೇಶಗಳಿಗೆ 1 ಪುಟ, ಸಂಶೋಧನೆಯ ವಿವರಕ್ಕೆ 6 ಪುಟ. ಜೊತೆಗೆ ತರಬೇತಿಯ ಯೋಜನೆಯನ್ನೂ ಅಷ್ಟೇ ಗಂಭೀರವಾಗಿ ಓದುತ್ತಾರೆ. ಇದನ್ನು ಕೊನೆಯ ರಾತ್ರಿ ಗೀಚಿ ಕಳಿಸಿದವರ ಅರ್ಜಿ ಓದಿದ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿದ ವೈದ್ಯೆ. ಇಸಿಜಿ ವಿಶ್ಲೇಷಣೆಯಲ್ಲಿ ಪಿಎಚ್‌.ಡಿ. ಮಾಡುವ ಆಸೆ. ಗಣಿತದ ಹಿನ್ನೆಲೆ ಇಲ್ಲ ಎಂದು ಆಯ್ಕೆ ಸಮಿತಿ ತಳ್ಳಿಹಾಕದಂತೆ ಏನು ಮಾಡಲಿ?

ಉತ್ತರ: ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟು ಜೋಡಿಸುವುದಕ್ಕಿಂತ ಮಾಡಿದ ಕೆಲಸವೊಂದನ್ನು ತೋರಿಸುವುದು ಮೇಲು. ಲೀನಿಯರ್ ಆಲ್ಜೀಬ್ರಾ, ಸಿಗ್ನಲ್ ಪ್ರೊಸೆಸಿಂಗ್, ಪೈಥಾನ್ ಇಷ್ಟನ್ನು ಕಲಿಯುತ್ತಲೇ ಎಂಐಟಿ-ಬಿಐಎಚ್ ಅರಿತ್ಮಿಯಾ ದತ್ತಾಂಶ (ಹೃದಯ ಬಡಿತದ ಏರುಪೇರು ತೋರಿಸುವ ಇಸಿಜಿಗಳ ಸಂಗ್ರಹ) ಇಳಿಸಿಕೊಳ್ಳಿ. ಫಿಸಿಯೋನೆಟ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಧ ಗಂಟೆಯ 48 ದಾಖಲೆಗಳು, ಸೆಕೆಂಡಿಗೆ 360 ಅಳತೆ, ಸುಮಾರು 1,10,000 ಹೃದಯ ಬಡಿತಗಳಿಗೆ ತಜ್ಞರೇ ಗುರುತು ಹಾಕಿದ್ದಾರೆ.

ಇಲ್ಲೊಂದು ಹಳ್ಳವಿದೆ. ಬಡಿತಗಳನ್ನೆಲ್ಲ ಕಲಸಿ, 80 ಭಾಗ ಕಲಿಕೆಗೆ, 20 ಭಾಗ ಪರೀಕ್ಷೆಗೆ ಎಂದು ಹಂಚಿದರೆ ಫಲಿತಾಂಶ ಶೇ 99 ಬಂದರೂ ಆಶ್ಚರ್ಯವಿಲ್ಲ. ಅದನ್ನು ನಂಬಬೇಡಿ. ಒಬ್ಬನದೇ ಬಡಿತಗಳು ಎರಡೂ ಕಡೆ ಸೇರಿರುತ್ತವೆ, ಪ್ರೋಗ್ರಾಂ ರೋಗವನ್ನು ಕಲಿಯುವ ಬದಲು ಆ ಮನುಷ್ಯನನ್ನೇ ಗುರುತು ಹಿಡಿಯುತ್ತದೆ. ಹಂಚುವುದು ಬಡಿತದ ಲೆಕ್ಕದಲ್ಲಲ್ಲ, ವ್ಯಕ್ತಿಯ ಲೆಕ್ಕದಲ್ಲಿ. ದಾಖಲೆ 48 ಇದ್ದರೂ ಜನ 47; 201 ಮತ್ತು 202ನೇ ಸಂಖ್ಯೆಯ ದಾಖಲೆಗಳು ಒಬ್ಬರದೇ. ಆ ಎರಡನ್ನೂ ಒಂದೇ ಕಡೆ ಇಟ್ಟೆ ಎಂದು ನೀವು ಒಂದು ಸಾಲು ಬರೆದರೆ, ಎದುರಿಗೆ ಕೂತ ಎಂಜಿನಿಯರ್ ನಿಮ್ಮ ಪದವಿಯ ಬಗ್ಗೆ ಮತ್ತೆ ಕೇಳಲಿಕ್ಕಿಲ್ಲ. ವ್ಯಕ್ತಿವಾರು ಹಂಚಿದಾಗ ಅಂಕ ಇಳಿಯುತ್ತದೆ. ಇಳಿದ ಅಂಕವನ್ನೇ ಕೊಡಿ.

ಪ್ರಶ್ನೆ: 200 ರೋಗಿಗಳ ಮೇಲೆ ಸಾಧನ ಪರೀಕ್ಷಿಸುವ ಯೋಜನೆ ಹಾಕಿದ್ದೇನೆ. ಸಾಕೇ? ಆಸ್ಪತ್ರೆಯಿಂದ ಯಾವ ಪತ್ರ ಬೇಕು?

ಉತ್ತರ: 200ರಲ್ಲಿ ಕಾಯಿಲೆ ಇರುವವರೆಷ್ಟು? ಹತ್ತರಲ್ಲೊಬ್ಬರು ಎಂದರೆ 20 ಜನ. ಅವರಲ್ಲಿ 18 ಮಂದಿಯನ್ನು ಸಾಧನ ಹಿಡಿದರೆ ಶೇ 90 ಎಂದು ಬೀಗಬಹುದು, ಆದರೆ 95 ಪ್ರತಿಶತ ವಿಶ್ವಾಸದ ಮಿತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ, ಸುಮಾರು ಶೇ 70ರಿಂದ 97. ಇಷ್ಟು ಅಗಲದ ಮಿತಿ ಕಂಡರೆ ವೈದ್ಯಕೀಯ ಪರಿಶೀಲಕರು ಒಪ್ಪುವುದು ಕಷ್ಟ. ಕಾಯಿಲೆ ಇರುವವರ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿ.

ಪತ್ರದ ವಿಷಯದಲ್ಲಿ ‘ಸಂತೋಷದಿಂದ ಸಹಕರಿಸುತ್ತೇವೆ’ ಎಂಬ ಒಕ್ಕಣೆಯಿಂದ ಏನೂ ಉಪಯೋಗವಿಲ್ಲ. ವಾರಕ್ಕೆ ಎಷ್ಟು ರೋಗಿಗಳು ಸಿಗುತ್ತಾರೆ, ಯಾವ ಯಂತ್ರದ ಜೊತೆ ಹೋಲಿಸುತ್ತೀರಿ, ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವವರು ಯಾರು, ಸಹ-ಮಾರ್ಗದರ್ಶಿ ವೈದ್ಯರು ತಿಂಗಳಿಗೆ ಎಷ್ಟು ಗಂಟೆ ಕೊಡುತ್ತಾರೆ, ಇವು ಅಂಕಿಗಳಲ್ಲಿ ಇರಬೇಕು. ನೈತಿಕ ಸಮಿತಿಯ ಅನುಮತಿ ತಿಂಗಳುಗಟ್ಟಲೆ ಹಿಡಿಯಬಹುದು. ಅಷ್ಟು ಕಾಲ ನೀವು ಸಾರ್ವಜನಿಕ ದತ್ತಾಂಶದ ಮೇಲೋ ಕೃತಕ ಮಾದರಿಯ ಮೇಲೋ ಏನು ಮಾಡುತ್ತೀರಿ ಎಂಬುದನ್ನು ವೇಳಾಪಟ್ಟಿಯಲ್ಲಿ ತೋರಿಸಿ.

ಪ್ರಶ್ನೆ: ಸೆನ್ಸರ್ ತಯಾರಿಕೆ ಮೊದಲ ಉದ್ದೇಶ, ಅದರಿಂದ ದತ್ತಾಂಶ ಸಂಗ್ರಹ ಎರಡನೆಯದು, ವಿಶ್ಲೇಷಣೆ ಮೂರನೆಯದು. ಈ ಕ್ರಮ ಸರಿಯೇ?

ಉತ್ತರ: ಸರಿಯಲ್ಲ. ಸೆನ್ಸರ್ ಕೈಕೊಟ್ಟರೆ ಮೂರೂ ಬಿದ್ದುಹೋಗುತ್ತವೆ. ವಿಶ್ಲೇಷಣೆಯನ್ನು ಮಾರುಕಟ್ಟೆಯಲ್ಲಿ ಸಿಗುವ ಸೆನ್ಸರ್‌ನಿಂದಲೇ ಶುರುಮಾಡಿ, ನಿಮ್ಮದು ಸಿದ್ಧವಾದಾಗ ಬದಲಿಸಿಕೊಳ್ಳಿ.