ದೂರದ ಕಂಪ್ಯೂಟರಿನಲ್ಲಿ ಒತ್ತಕ್ಷರ ಮಸುಕಾದರೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಮನೆಯಲ್ಲೇ ಕೂತು, ರೆಮ್ಮಿನಾ ಎಂಬ ತಂತ್ರಾಂಶದ ಮೂಲಕ ಬೆಂಗಳೂರಿನ ಕಚೇರಿಯ ಲಿನಕ್ಸ್ ಕಂಪ್ಯೂಟರಿಗೆ ಹೋಗಿ ಕನ್ನಡ ಪುಟಗಳ ಕರಡು ತಿದ್ದುತ್ತೇನೆ. ಅಲ್ಲಿರುವುದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ದೂರದಿಂದ ಒಳಗೆ ಬರಲು ಎಕ್ಸ್‌ಆರ್‌ಡಿಪಿ. ನನ್ನ ಹೊಸ ಲ್ಯಾಪ್‌ಟಾಪಿನ ಪರದೆ 2880×1800. ಅಕ್ಷರಗಳು ಇರುವೆಯಷ್ಟು ಚಿಕ್ಕದಾಗಿ ಕಾಣುತ್ತವೆ. ರೆಸಲ್ಯೂಶನ್ ಇಳಿಸಿ ಸ್ಕೇಲ್ ಮಾಡಿದರೆ ಒತ್ತಕ್ಷರವೆಲ್ಲ ಮಸುಕು. ಮಳೆ ಹಿಡಿದರೆ ನೆಟ್ ಕೂಡ ನಿಧಾನ. ಏನು ಮಾಡಲಿ?

ಉತ್ತರ: ಮೊದಲು ರೆಮ್ಮಿನಾದ ಸ್ಕೇಲಿಂಗ್ ಆಫ್ ಮಾಡಿ. ಅದು ಬೆಂಗಳೂರಿನಿಂದ ಬಂದ ಚಿತ್ರವನ್ನು ನಿಮ್ಮ ಪರದೆಗೆ ಹಿಗ್ಗಿಸುತ್ತದೆ, ಅಷ್ಟೆ. ಇಂಗ್ಲಿಷ್ ಅಕ್ಷರವನ್ನು ಹೇಗೋ ಓದಿಬಿಡಬಹುದು. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒತ್ತಿಗೆ ಒತ್ತು ಸೇರಿ ಮಸಿಯಾಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸವೇ ಒಂದು ಸಣ್ಣ ಗೀಟು, ಕರಡು ತಿದ್ದುವವರಿಗೆ ಅದು ಕಾಣದಿದ್ದರೆ ಹೇಗೆ?

ಅಕ್ಷರ ಚಿಕ್ಕದಾದರೂ ಸ್ಪಷ್ಟವಾಗಿದ್ದ ಮೊದಲಿನ ರೆಸಲ್ಯೂಶನ್ನೇ ಸರಿ, ಅದಕ್ಕೇ ಮರಳಿ. ದೊಡ್ಡದು ಮಾಡುವ ಕೆಲಸವನ್ನು ಅಕ್ಷರ ಮೂಡಿಸುವ ಯಂತ್ರಕ್ಕೇ ಬಿಡಬೇಕು. ರಿಮೋಟ್ ಸೆಷನ್ನಿನ ಒಳಗೆ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್ ತೆರೆದು, ಫಾಂಟ್ಸ್ ವಿಭಾಗದಲ್ಲಿ ಕಸ್ಟಮ್ ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಗುರುತು ಹಾಕಿ. ಸಾಮಾನ್ಯವಾಗಿ ಇರುವುದು 96. 144 ಕೊಟ್ಟರೆ ಅಕ್ಷರ ಒಂದೂವರೆ ಪಟ್ಟು, 192 ಕೊಟ್ಟರೆ ಎರಡು ಪಟ್ಟು. 144ರಿಂದ ಶುರುಮಾಡಿ, ಒತ್ತು ಸಲೀಸಾಗಿ ಓದುವಷ್ಟಕ್ಕೆ ಏರಿಸಿಕೊಳ್ಳಿ. ಆಮೇಲೆ ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಬರೀ ರೆಮ್ಮಿನಾ ಕಿಟಕಿ ಮುಚ್ಚಿದರೆ ಸಾಮಾನ್ಯವಾಗಿ ಹಳೆಯ ಸೆಷನ್ ಅಲ್ಲೇ ಓಡುತ್ತಿರುತ್ತದೆ, ಆಗಲೇ ತೆರೆದಿದ್ದ ಕೆಲವು ತಂತ್ರಾಂಶಗಳು ಹೊಸ ಅಳತೆ ಹಿಡಿಯುವುದಿಲ್ಲ.

ಪ್ಯಾನೆಲ್‌ನ (ಮೆನು, ಗಡಿಯಾರ ಇರುವ ಪಟ್ಟಿಯ) ಎತ್ತರ ಡಿಪಿಐ ಜೊತೆ ಬೆಳೆಯುವುದಿಲ್ಲ, ಅದನ್ನು ಪ್ಯಾನೆಲ್ ಸೆಟ್ಟಿಂಗ್‌ನಲ್ಲೇ ಹೆಚ್ಚಿಸಿ. ಕಿಟಕಿಯ ಗುಂಡಿಗಳು ಚಿಕ್ಕದೆನಿಸಿದರೆ ವಿಂಡೋ ಮ್ಯಾನೇಜರ್‌ನಲ್ಲಿ ದೊಡ್ಡ ಗುಂಡಿಗಳಿರುವ ಎಚ್‌ಡಿಪಿಐ ಥೀಮ್ ಆಯ್ದುಕೊಳ್ಳಿ. ಆ ಕಡೆ ವಿಂಡೋಸ್ ಇರುವ ಓದುಗರಿಗೆ ಇಷ್ಟು ಓಡಾಟ ಬೇಡ. ರೆಮ್ಮಿನಾ ಪ್ರಿಫರೆನ್ಸಸ್‌ನ ಆರ್‌ಡಿಪಿ ವಿಭಾಗದಲ್ಲಿ ಡೆಸ್ಕ್‌ಟಾಪ್ ಸ್ಕೇಲ್ ಕೊಟ್ಟರೆ ವಿಂಡೋಸ್ ತಾನೇ ಹೊಂದಿಕೊಳ್ಳುತ್ತದೆ.

ಇನ್ನು ಮಳೆಗಾಲ. ಆಷಾಢದಲ್ಲಿ ಮಲೆನಾಡಿನ ನೆಟ್ ನೆಚ್ಚಿಕೊಂಡು ಕೆಲಸ ಒಪ್ಪಿಕೊಳ್ಳುವ ಕಷ್ಟ ನನಗೆ ಅರ್ಥವಾಗುತ್ತದೆ. 2880×1800 ಎಂದರೆ ಸುಮಾರು 52 ಲಕ್ಷ ಚುಕ್ಕಿ. 1440×900ಕ್ಕೆ ಇಳಿಸಿದರೆ ಅದರ ಕಾಲು ಭಾಗ, ಸುಮಾರು 13 ಲಕ್ಷ. ಹೀಗಾಗಿ ರೆಮ್ಮಿನಾದಲ್ಲಿ ಎರಡು ಪ್ರೊಫೈಲ್ (ಉಳಿಸಿಟ್ಟ ಸಂಪರ್ಕದ ಸೆಟ್ಟಿಂಗ್) ಇಟ್ಟುಕೊಳ್ಳಿ. ಮಳೆಯ ಪ್ರೊಫೈಲಿಗೆ 1440×900, 16 ಬಿಟ್ ಬಣ್ಣ ಮತ್ತು ಕಡಿಮೆ ಗುಣಮಟ್ಟ ಸಾಕು. ಇದರಲ್ಲಿ ಸ್ಕೇಲಿಂಗ್ ಹಾಕಲೇಬೇಕಾಗುತ್ತದೆ. ಹಿಗ್ಗುವುದು ಸರಿಯಾಗಿ ಎರಡು ಪಟ್ಟು ಆದ್ದರಿಂದ ಒಂದೂವರೆ ಪಟ್ಟಿನಷ್ಟು ಕೆಡುವುದಿಲ್ಲ. ಆದರೂ ಅಂಥ ದಿನ ಕೊನೆಯ ಕರಡು ನೋಡಬೇಡಿ. ಸಾಧ್ಯವಾದರೆ ಕಡತವನ್ನೇ ಇಳಿಸಿಕೊಂಡು ನಿಮ್ಮ ಯಂತ್ರದಲ್ಲಿ ತಿದ್ದಿ ಕಳಿಸಿ.

ಡಿಪಿಐ ಬದಲಾವಣೆ ನಿಮ್ಮ ಖಾತೆಯಲ್ಲಿ ಉಳಿಯುವಂಥದ್ದು. ಮಳೆಯ ಪ್ರೊಫೈಲಿನಲ್ಲಿ ಅಕ್ಷರ ವಿಪರೀತ ದೊಡ್ಡದಾದರೆ, ಅಥವಾ ಬೆಂಗಳೂರಿಗೆ ಹೋಗಿ ಅದೇ ಯಂತ್ರದ ಮುಂದೆ ಕೂತಾಗ ಹಾಗೆ ಕಂಡರೆ, ಮತ್ತೆ 96ಕ್ಕೆ ತನ್ನಿ.